ಒತ್ತಡವೋ, ಬಿಗಿಯೋ? ಖಾಲಿ ತೋಟೆಯ ಬುಡ ಓದುವ ಬಗೆ

ಮೇಜಿನ ಮೇಲೆ ಐದು ಖಾಲಿ ಹಿತ್ತಾಳೆ ಕೇಸ್‌ಗಳಿವೆ, ಅಂದರೆ ಗುಂಡು ಹಾರಿದ ಮೇಲೆ ಉಳಿದ ತೋಟೆಯ ಡಬ್ಬಿಗಳು. ಐದೂ ಒಂದೇ .308 ಅಳತೆಯ ರೈಫಲ್ಲಿನಿಂದ ಒಂದೇ ಬೆಳಗ್ಗೆ ಹಾರಿದವು. ಐದಕ್ಕೂ ನಾನೇ ತೂಗಿ ಹಾಕಿದ ಮದ್ದು ಒಂದೇ ಅಳತೆಯದು. ಮೊದಲ ಮೂರನ್ನು ಭೂತಗನ್ನಡಿಯಡಿ ಹಿಡಿದರೆ ವಿಶೇಷವೇನೂ ಕಾಣುವುದಿಲ್ಲ. ಬುಡದ ನಡುವೆ ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಬಟ್ಟಲು, ಪ್ರೈಮರ್; ಪ್ರೈಮರಿನ ನಡುವೆ ಬಂದೂಕಿನ ಪಿನ್ನು ಕುಕ್ಕಿದ ಗುಳಿ, ಅಂಚು ಇನ್ನೂ ದುಂಡಗೆ ಇದೆ. ನಾಲ್ಕನೆಯದರಲ್ಲಿ ಆ ದುಂಡು ಅಳಿಸಿಹೋಗಿ ಪ್ರೈಮರ್ ನಾಣ್ಯದ ಹಾಗೆ ಚಪ್ಪಟೆಯಾಗಿದೆ. ಐದನೆಯದರ ಬುಡದಲ್ಲಿ, ಕೆತ್ತಿದ ಅಕ್ಷರಗಳ ಪಕ್ಕ, ಕತ್ತರಿಸಿ ಬಿದ್ದ ಉಗುರಿನಂಥ ಒಂದು ಹೊಳೆಯುವ ಗುರುತು. ಅದನ್ನು ಹಾರಿಸಿದ ಮೇಲೆ ಬೋಲ್ಟಿನ, ಅಂದರೆ ತೋಟೆಯ ಹಿಂದೆ ಮುಚ್ಚುವ ಉಕ್ಕಿನ ಅಗುಳಿಯ, ಹಿಡಿ ಎತ್ತಲು ಹೋದರೆ ಹಳೇ ಮನೆಯ ಮಳೆಗಾಲದ ಬಾಗಿಲಿನಂತೆ ಹಟ ಮಾಡಿತು.

ಅಲ್ಲಿಗೆ ನಿಲ್ಲಿಸಿದೆ. ಅದೊಂದು ಸರಿ ಮಾಡಿದೆ. ಆದರೆ ಇದು ಮದ್ದಿನ ಒತ್ತಡವೋ, ಬರೀ ಕೇಸಿನ ಬಿಗಿಯೋ ಎಂದು ಕಾರಣ ಹುಡುಕುವಾಗ ಮೊದಲು ತಪ್ಪು ದಾರಿಯನ್ನೇ ಹಿಡಿದೆ. ಆ ತಪ್ಪು ಅರ್ಥವಾಗಬೇಕಾದರೆ ತೋಟೆಯೊಳಗೆ ಏನಾಗುತ್ತದೆ ಎಂಬಲ್ಲಿಂದ ಶುರು ಮಾಡಬೇಕು.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿದ್ದದ್ದು ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಜಡಿದು, ಚರೆ ಹಾಕಿ, ಹಿಂದೆ ಕೇಪು ಸಿಕ್ಕಿಸಿದರೆ ಒಂದು ಈಡು ತಯಾರು. ತೋಟೆ ಕೋವಿಯಲ್ಲಿ ಇವೆಲ್ಲವೂ ಒಂದೇ ಹಿತ್ತಾಳೆ ಡಬ್ಬಿಯಲ್ಲಿ ಕೂತಿರುತ್ತವೆ: ಬುಡದಲ್ಲಿ ಕೇಪು ಅಂದರೆ ಪ್ರೈಮರ್, ಹೊಟ್ಟೆಯಲ್ಲಿ ಮದ್ದು, ಕುತ್ತಿಗೆಯಲ್ಲಿ ಗುಂಡು. ಹಾರಿದ ಮೇಲೆ ಉಳಿಯುವುದು ಡಬ್ಬಿ ಮಾತ್ರ. ತೋಟೆಯಲ್ಲಿ ದುಬಾರಿ ಭಾಗವೂ ಅದೇ. ನಾನೀಗ ಇರುವ ಅರಿಜೋನಾದಲ್ಲಿ ಗುರಿಕಾರರು ಅದನ್ನು ಆಯ್ದುಕೊಂಡು ಬಂದು, ಡೈ ಎಂಬ ಉಕ್ಕಿನ ಅಚ್ಚಿಗೆ ಒತ್ತಿ ಮೂಲ ಅಳತೆಗೆ ತಂದು, ಹೊಸ ಪ್ರೈಮರ್, ತೂಗಿದ ಮದ್ದು, ಹೊಸ ಗುಂಡು ಹಾಕಿ ಮತ್ತೆ ಬಳಸುತ್ತಾರೆ. ರೀಲೋಡಿಂಗ್ ಎಂದರೆ ಇಷ್ಟೇ. ಊರಿನಲ್ಲಿ ಓದುವವರಿಗೆ ಒಂದು ಮಾತು: ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ತೋಟೆ ತಯಾರಿಸುವಂತಿಲ್ಲ. ನಾನು ಹೇಳುತ್ತಿರುವುದು ಅಮೆರಿಕದ ಹವ್ಯಾಸದ ಕಥೆ.

ಮದ್ದನ್ನು ತೂಗುವುದು ಗ್ರೇನ್ ಲೆಕ್ಕದಲ್ಲಿ. ಅಕ್ಕಸಾಲಿಗರ ಗುಲಗಂಜಿಯ ಅರ್ಧ ತೂಕಕ್ಕೆ ಕೊಂಚ ಹೆಚ್ಚು ಎಂದುಕೊಳ್ಳಿ. ಹತ್ತಾರು ಗ್ರೇನ್ ಮದ್ದು ಉರಿದು ಹುಟ್ಟಿಸುವ ಒತ್ತಡ ಮಾತ್ರ ನಂಬಲು ಕಷ್ಟವಾಗುವಷ್ಟು. ಮನೆಯ ಕುಕ್ಕರ್ ಸೀಟಿ ಹಾಕುವುದು ಸುಮಾರು 15 ಪಿಎಸ್‌ಐಗೆ, ಅಂದರೆ ಚದರ ಇಂಚಿಗೆ 15 ಪೌಂಡ್ ಒತ್ತಡಕ್ಕೆ. ಕಾರಿನ ಚಕ್ರಕ್ಕೆ ಹಾಕಿಸುವುದು 32, 33. .308 ವಿಂಚೆಸ್ಟರ್ ತೋಟೆಗೆ ಅಮೆರಿಕದ ತಯಾರಕರ ಸಂಸ್ಥೆ ಸಾಮಿ ಇಟ್ಟಿರುವ ಮಿತಿ 62,000 ಪಿಎಸ್‌ಐ. ಇದು ಏರಿ ಇಳಿಯುವುದು ಸೆಕೆಂಡಿನ ಸಾವಿರದ ಒಂದೆರಡು ಭಾಗದಲ್ಲಿ. ಕಾರ್ಖಾನೆಗಳು ಇದನ್ನು ಪೀಜೋ ಹರಳಿನ ಸೆನ್ಸರ್ ಕೂರಿಸಿದ ಪರೀಕ್ಷಾ ನಳಿಗೆಯಲ್ಲಿ ಅಳೆಯುತ್ತವೆ. ಅದಕ್ಕೂ ಹಿಂದೆ ತಾಮ್ರದ ಪುಟ್ಟ ಉರುಳೆಯೊಂದು ಎಷ್ಟು ಜಜ್ಜಿಹೋಯಿತು ಎಂದು ನೋಡಿ ಲೆಕ್ಕ ಹಾಕುತ್ತಿದ್ದರು. ಮನೆಯ ಗ್ಯಾರೇಜಿನಲ್ಲಿ ಕೂತವನ ಬಳಿ ಇವೆರಡೂ ಇರುವುದಿಲ್ಲ. ರೈಫಲ್ಲಿಗೆ ಸೀಟಿಯೂ ಇಲ್ಲ. ಹಾಗಾಗಿ ಅವನು ಹಿತ್ತಾಳೆಯ ಮುಖ ನೋಡುತ್ತಾನೆ.

ಹಿತ್ತಾಳೆಯೇ ಯಾಕೆ ಎಂದರೆ, ಅದು ಉಬ್ಬಿ ಮತ್ತೆ ಕುಗ್ಗುತ್ತದೆ. ಕೇಸಿನದು 70 ಪಾಲು ತಾಮ್ರ, 30 ಪಾಲು ಸತುವಿನ ಹಿತ್ತಾಳೆ. ಮದ್ದು ಹೊತ್ತಿದಾಗ ಕೇಸಿನ ಗೋಡೆ ಉಬ್ಬಿ ಚೇಂಬರಿನ, ಅಂದರೆ ನಳಿಗೆಯ ಬುಡದಲ್ಲಿ ತೋಟೆ ಕೂರುವ ಗೂಡಿನ, ಉಕ್ಕಿಗೆ ಅಂಟಿಕೊಂಡು, ಬಿಸಿ ಅನಿಲ ಹಿಂದಕ್ಕೆ, ಅಂದರೆ ಹಾರಿಸುವವನ ಮುಖದ ಕಡೆಗೆ, ನುಗ್ಗದಂತೆ ತಡೆಯುತ್ತದೆ. ಒತ್ತಡ ಇಳಿದ ಮೇಲೆ ಕೊಂಚ ಕುಗ್ಗಿ ಸಡಿಲವಾಗುತ್ತದೆ. ಆದ್ದರಿಂದಲೇ ಬೋಲ್ಟ್ ಎತ್ತಿದ ಕೂಡಲೇ ಕೇಸ್ ಸಲೀಸಾಗಿ ಹೊರಬರುತ್ತದೆ. ಒತ್ತಡ ಮಿತಿ ಮೀರಿದರೆ ಈ ಲೆಕ್ಕ ತಪ್ಪುತ್ತದೆ. ಉಕ್ಕಿನ ಚೇಂಬರೂ ಆ ಕ್ಷಣಕ್ಕೆ ಹಿಗ್ಗಿರುತ್ತದೆ. ಉಕ್ಕು ಪೂರ್ತಿ ಹಿಂದಿರುಗುತ್ತದೆ, ಹಿತ್ತಾಳೆ ಹಿಂದಿರುಗುವುದಿಲ್ಲ. ಊದಿದ ಬೆರಳಿನಲ್ಲಿ ಉಂಗುರ ಸಿಕ್ಕಿಕೊಂಡಂತೆ ಕೇಸನ್ನು ಚೇಂಬರ್ ಹಿಡಿದುಬಿಡುತ್ತದೆ. ಬೋಲ್ಟ್ ಎತ್ತಲು ಕಷ್ಟವಾಗುವುದು ಹೀಗೆ.

ಹೊಳೆಯುವ ಉಗುರು ಗುರುತಿನ ಕಥೆಯೂ ಇದೇ ಬಗೆಯದು. ಬೋಲ್ಟಿನ ಮುಖದಲ್ಲಿ, ಖಾಲಿ ಕೇಸನ್ನು ಹೊರಕ್ಕೆ ಚಿಮ್ಮಿಸುವ ಎಜೆಕ್ಟರ್ ಎಂಬ ಸ್ಪ್ರಿಂಗಿನ ಕಡ್ಡಿಗೆ ಒಂದು ತೂತಿರುತ್ತದೆ. ಕೇಸಿನ ಬುಡದ ಗಟ್ಟಿ ಹಿತ್ತಾಳೆಯೇ ಮೆತ್ತಗಾದ ಮೇಣದಂತೆ ಆ ತೂತಿಗೆ ಹರಿದಿದೆ. ಬೋಲ್ಟ್ ತಿರುಗುವಾಗ ಆ ಉಬ್ಬನ್ನು ಸವರಿಕೊಂಡು ಹೋಗಿದೆ. ಗ್ರೀಸ್ ಕೊಳೆಯಿಂದಲೂ, ಮೆತ್ತನೆಯ ಹಿತ್ತಾಳೆಯಿಂದಲೂ ಮಸುಕು ಗುರುತು ಬೀಳುವುದುಂಟು. ಆದರೆ ಉಗುರಿಗೆ ತಾಗುವಷ್ಟು ಉಬ್ಬಿದ್ದರೆ ಅದನ್ನು ನಾನು ನಂಬುತ್ತೇನೆ.

ಪ್ರೈಮರನ್ನು ಮಾತ್ರ ಅಷ್ಟು ಸುಲಭಕ್ಕೆ ನಂಬಬೇಡಿ. ಹೊಸಬರು ಮೊದಲು ನೋಡುವುದು ಅದನ್ನೇ, ಅತಿ ಹೆಚ್ಚು ದಾರಿ ತಪ್ಪಿಸುವುದೂ ಅದೇ. ಪ್ರೈಮರಿನ ಬಟ್ಟಲು ಒಂದೊಂದು ಕಂಪನಿಯದು ಒಂದೊಂದು ಗಟ್ಟಿ. ಫೆಡರಲ್ ಪ್ರೈಮರ್ ಮೆತ್ತಗೆ, ಸಿಸಿಐ ಗಡುಸು ಎಂಬುದು ಇಲ್ಲಿನ ಗುರಿಕಾರರೆಲ್ಲರ ಅನುಭವ. ಒಂದೇ ಒತ್ತಡಕ್ಕೆ ಒಂದು ಚಪ್ಪಟೆಯಾಗುತ್ತದೆ, ಇನ್ನೊಂದು ಏನೂ ಆಗದವರಂತೆ ಕೂರುತ್ತದೆ. ಪಿನ್ನಿನ ಗುಳಿಯ ಸುತ್ತ ಜ್ವಾಲಾಮುಖಿಯ ಬಾಯಿಯಂತೆ ದಡ ಎದ್ದಿದ್ದರೆ ಒತ್ತಡ ಎನ್ನುತ್ತಾರೆ. ಬೋಲ್ಟಿನಲ್ಲಿ ಪಿನ್ನಿನ ತೂತು ಕೊಂಚ ದೊಡ್ಡದಿದ್ದರೂ, ಪಿನ್ನಿನ ಸ್ಪ್ರಿಂಗ್ ಸೋತಿದ್ದರೂ ಇದೇ ದಡ ಏಳುತ್ತದೆ. ಇನ್ನೂ ಸೋಜಿಗದ ಸಂಗತಿಯೆಂದರೆ ಕೇಸಿನ ಹೆಗಲಿಗೂ (ಕುತ್ತಿಗೆಯ ಕೆಳಗಿನ ಇಳಿಜಾರು) ಚೇಂಬರಿಗೂ ನಡುವೆ ಸಡಿಲ ಹೆಚ್ಚಿದ್ದಾಗ, ಸಾಧಾರಣ ಒತ್ತಡಕ್ಕೇ ಪ್ರೈಮರ್ ಚಪ್ಪಟೆಯಾಗಬಹುದು. ಮೊದಲು ಪ್ರೈಮರ್ ತನ್ನ ಗೂಡಿನಿಂದ ಹಿಂದಕ್ಕೆ ಸರಿಯುತ್ತದೆ, ಆಮೇಲೆ ಕೇಸ್ ಹಿಂದಕ್ಕೆ ಹಿಗ್ಗಿ ಬಂದು ಅದನ್ನು ಬೋಲ್ಟಿಗೆ ಒತ್ತಿ ಜಜ್ಜುತ್ತದೆ. ಒತ್ತಡ ತೀರಾ ಕಡಿಮೆಯಿದ್ದರೆ ಕೇಸ್ ಹಿಗ್ಗಿ ಬರುವುದೇ ಇಲ್ಲ, ಪ್ರೈಮರ್ ಹೊರಗೆ ಚಾಚಿಕೊಂಡೇ ಉಳಿಯುತ್ತದೆ.

ಹಳೆಯ ರೈಫಲ್‌ಗಳ ವಿಷಯ ಬಂದರೆ ಈ ಗುರುತುಗಳು ನಿಜಕ್ಕೂ ಅಪಾಯಕಾರಿ ಸಾಕ್ಷಿಗಳು. ಹಿತ್ತಾಳೆಗೆ ತಾನು ಯಾವ ರೈಫಲ್ಲಿನಲ್ಲಿ ಕೂತಿದ್ದೇನೆ ಎಂಬುದು ಗೊತ್ತಿಲ್ಲ. ಬುಡದ ಹಿತ್ತಾಳೆ ಸೋತು ಹರಿಯುವುದು ಎಷ್ಟೋ ಸಲ .308ರ ಮಿತಿಯನ್ನೂ ದಾಟಿದ ಮೇಲೆ. ಲಿವರ್ ಎಳೆಯುವ ರೈಫಲ್‌ಗಳ .30-30 ತೋಟೆಯ ಮಿತಿ 42,000 ಪಿಎಸ್‌ಐ. 1873ರ ಟ್ರ್ಯಾಪ್‌ಡೋರ್ ಸ್ಪ್ರಿಂಗ್‌ಫೀಲ್ಡ್ ರೈಫಲ್ಲಿನ ಕಾಲದ .45-70ರ ಮಿತಿ 28,000 ಮಾತ್ರ. ಅಂಥ ಬಂದೂಕಿನಲ್ಲಿ ‘ಗುರುತು ಕಾಣುವವರೆಗೆ ಏರಿಸೋಣ’ ಎಂದು ಹೊರಟವನಿಗೆ ಹಿತ್ತಾಳೆ ಹೇಳುವ ಮೊದಲೇ ಉಕ್ಕು ಹೇಳಿಬಿಟ್ಟಿರುತ್ತದೆ. ಆಧುನಿಕ ರೈಫಲ್ಲಿನಲ್ಲೂ ಗುರುತು ಕಂಡಿತೆಂದರೆ ಮಿತಿಯ ಗೆರೆ ಬರುತ್ತಿದೆ ಎಂದಲ್ಲ, ಗೆರೆ ಆಗಲೇ ಹಿಂದೆ ಉಳಿದಿದೆ ಎಂದರ್ಥ.

ಹಾಗಾದರೆ ಯಾವುದನ್ನು ನಂಬುವುದು? ನನ್ನ ಮಟ್ಟಿಗೆ ಗುಂಡಿನ ವೇಗವನ್ನು. ಕ್ರೊನೊಗ್ರಾಫ್ ಎಂಬ ವೇಗಮಾಪಕ ಈಗ ಬಹಳ ಜನರ ಚೀಲದಲ್ಲಿರುತ್ತದೆ. ಮದ್ದಿನ ಕಂಪನಿಯ ಪಟ್ಟಿಯಲ್ಲಿ ಇಂಥ ಮದ್ದಿಗೆ, ಇಂಥ ಗುಂಡಿಗೆ, ಇಷ್ಟುದ್ದದ ನಳಿಗೆಯಲ್ಲಿ ಗರಿಷ್ಠ ವೇಗ ಇಷ್ಟು ಎಂದು ಅಚ್ಚಾಗಿರುತ್ತದೆ. ನಿಮ್ಮ ಗುಂಡು ಅದಕ್ಕಿಂತ ಜೋರಾಗಿ ಓಡುತ್ತಿದ್ದರೆ, ಪ್ರೈಮರ್ ಎಷ್ಟೇ ದುಂಡಗಿರಲಿ, ಆ ವೇಗ ಪುಕ್ಕಟೆ ಬಂದದ್ದಲ್ಲ.

ಇನ್ನು ಬಿಗಿ ಚೇಂಬರಿನ ವಿಷಯ. ಬಿಗಿತನಕ್ಕೆ ಎರಡು ಮುಖ ಇವೆ. ಒಂದು, ಒತ್ತಡ ಇಲ್ಲದೆಯೂ ಒತ್ತಡದಂತೆ ನಟಿಸುವುದು. ಇನ್ನೊಂದು, ನಿಜವಾಗಿಯೂ ಒತ್ತಡ ಏರಿಸುವುದು.

ಮೊದಲ ಮುಖವನ್ನು ನಾನು ಕಂಡದ್ದು ಹಿಂದಿನ ವರ್ಷ. ಒಮ್ಮೆ ಮಾತ್ರ ಹಾರಿಸಿದ ಸೇನೆಯ ಹಿತ್ತಾಳೆ ಒಂದು ಚೀಲ ಅಗ್ಗಕ್ಕೆ ಸಿಕ್ಕಿತು. ಡೈಗೆ ಒತ್ತಿ, ಪಟ್ಟಿಯ ಕನಿಷ್ಠ ಮದ್ದಿನಿಂದ ಶುರು ಮಾಡಿದೆ. ಬೋಲ್ಟ್ ಎತ್ತುವಾಗ ಹಿಡಿ ಮೇಲಕ್ಕೆ ಬಂದು, ಕೊನೆಯಲ್ಲಿ ‘ಟಕ್’ ಎಂದು ಸಿಕ್ಕಿ ಬಿಡುತ್ತಿತ್ತು. ಒತ್ತಡ ಎಂದು ಹೆದರಿ ಮದ್ದು ಇನ್ನೂ ಇಳಿಸಿದೆ. ಟಕ್ ಹೋಗಲಿಲ್ಲ. ವೇಗ ನೋಡಿದರೆ ಪಟ್ಟಿಗಿಂತ ಎಷ್ಟೋ ಕೆಳಗೆ. ಆಗ ತಲೆಗೆ ಹೊಳೆದದ್ದು, ಹಾರಿಸುವ ಮೊದಲು ಬೋಲ್ಟ್ ಮುಚ್ಚುವಾಗಲೂ ಕೈಗೆ ತಡೆ ಸಿಗುತ್ತಿತ್ತಲ್ಲ ಎಂದು. ಮದ್ದು ಹೊತ್ತುವ ಮೊದಲೇ ಬಿಗಿ ಇದ್ದರೆ ಅದಕ್ಕೆ ಮದ್ದು ಹೇಗೆ ಕಾರಣವಾದೀತು?

ಇಂಥದ್ದಕ್ಕೆ ಒಂದು ಸರಳ ಪರೀಕ್ಷೆ ಇದೆ. ಬೋಲ್ಟಿನಿಂದ ಪಿನ್ನು, ಎಜೆಕ್ಟರ್ ಎರಡನ್ನೂ ಬಿಚ್ಚಿ ಪಕ್ಕಕ್ಕಿಡಿ. ಈಗ ಬೋಲ್ಟಿನ ಹಿಡಿ ತನ್ನ ಭಾರಕ್ಕೇ ಬೀಳುವಷ್ಟು ಹಗುರವಾಗಿರಬೇಕು. ಡೈಗೆ ಒತ್ತಿದ ಖಾಲಿ ಕೇಸನ್ನು, ಮದ್ದು ಪ್ರೈಮರ್ ಏನೂ ಇಲ್ಲದ್ದನ್ನು, ಕಪ್ಪು ಮಾರ್ಕರ್‌ನಿಂದ ಪೂರ್ತಿ ಬಳಿದು ಚೇಂಬರಿಗೆ ಹಾಕಿ ಬೋಲ್ಟ್ ಮುಚ್ಚಿ ತೆರೆಯಿರಿ. ಹಿಡಿ ತಾನಾಗಿ ಬಿದ್ದರೆ ಸರಿ. ತಡೆದರೆ, ಮಸಿ ಎಲ್ಲಿ ಅಳಿಸಿದೆ ನೋಡಿ. ಹೆಗಲಲ್ಲಿ ಅಳಿಸಿದ್ದರೆ ಡೈ ಹೆಗಲನ್ನು ಸಾಕಷ್ಟು ಹಿಂದಕ್ಕೆ ಒತ್ತಿಲ್ಲ. ಬಾಯಂಚಿನಲ್ಲಿ ಅಳಿಸಿದ್ದರೆ ಕೇಸ್ ಉದ್ದ ಬೆಳೆದಿದೆ. ನನ್ನದರಲ್ಲಿ ಬುಡದ ಹತ್ತಿರ, ಗಟ್ಟಿ ಭಾಗ ಮುಗಿದು ಗೋಡೆ ತೆಳುವಾಗುವಲ್ಲಿ, ಬಳೆಯಂತೆ ಸುತ್ತಲೂ ಅಳಿಸಿತ್ತು. ಸೇನೆಯ ಬಂದೂಕುಗಳ ಚೇಂಬರ್ ಧಾರಾಳವಾಗಿರುತ್ತದೆ, ಮೆಷಿನ್‌ಗನ್ನಿನದು ಇನ್ನೂ ಧಾರಾಳ. ಅಲ್ಲಿ ಉಬ್ಬಿದ ಬುಡ ನನ್ನ ಬಿಗಿ ಚೇಂಬರಿಗೆ ಒಂದು ಥೌ ದಪ್ಪವಾಗಿತ್ತು. ಇಂಚಿನ ಸಾವಿರದ ಒಂದು ಭಾಗಕ್ಕೆ ಪೀಣ್ಯದ ಲೇತ್ ಕೆಲಸದವರು ಹೇಳುವ ಥೌ ಅದೇ. ಸಾಮಾನ್ಯ ಡೈ ಅಷ್ಟು ಕೆಳಗೆ ಅಷ್ಟು ಬಿಗಿಯಾಗಿ ಒತ್ತುವುದಿಲ್ಲ. ‘ಸ್ಮಾಲ್ ಬೇಸ್’ ಡೈ ತಂದು ಒತ್ತಿದ ಮೇಲೆ ಟಕ್ ಮಾಯವಾಯಿತು.

ಹೆಗಲಿನ ಬಿಗಿಗೆ ಪರಿಹಾರ ಇನ್ನೂ ಸುಲಭ, ಆದರೆ ಅಲ್ಲಿ ಎಡವುವವರು ಹೆಚ್ಚು. ಡೈಯನ್ನು ಒಂದಿಷ್ಟು ಕೆಳಕ್ಕೆ ತಿರುಗಿಸಿ, ಹಾರಿದ ಕೇಸಿನ ಹೆಗಲಿಗಿಂತ ಒಂದೆರಡು ಥೌ ಮಾತ್ರ ಹಿಂದಕ್ಕೆ ಒತ್ತಿದರೆ ಸಾಕು. ಬಿಗಿ ತಪ್ಪಲಿ ಎಂದು ಡೈಯನ್ನು ಕೊನೆಯವರೆಗೆ ಇಳಿಸಿ ಎಂಟು ಹತ್ತು ಥೌ ಒತ್ತಿದರೆ ಕೇಸ್ ಪ್ರತಿ ಸಲವೂ ಅಷ್ಟೇ ಹಿಗ್ಗಿ, ನಾಲ್ಕಾರು ಈಡಿಗೆ ಬುಡದ ಮೇಲೆ ಒಳಗಿನಿಂದ ತೆಳುವಾಗಿ ಎರಡು ತುಂಡಾಗುತ್ತದೆ. ಜನ ಅದನ್ನೂ ಒತ್ತಡದ ತಲೆಗೆ ಕಟ್ಟುತ್ತಾರೆ. ಚೇಂಬರಿನ ಅಳತೆಯೇ ಅನುಮಾನವಿದ್ದರೆ ಗೇಜ್ ಎಂಬ ಅಳತೆಯ ಉಕ್ಕಿನ ತುಂಡುಗಳಿವೆ. .308ಕ್ಕೆ ‘ಗೋ’ 1.630 ಇಂಚು, ‘ನೋ-ಗೋ’ 1.634. ಬೋಲ್ಟ್ ಮೊದಲನೆಯದರ ಮೇಲೆ ಮುಚ್ಚಬೇಕು, ಎರಡನೆಯದರ ಮೇಲೆ ಮುಚ್ಚಬಾರದು. ಗೋ ಮೇಲೂ ಮುಚ್ಚದಿದ್ದರೆ ಡೈ ತಿರುಗಿಸುತ್ತ ಕೂರಬೇಡಿ, ರೈಫಲ್ಲನ್ನು ಬಂದೂಕು ರಿಪೇರಿಯವರ ಬಳಿ ಒಯ್ಯಿರಿ.

ಎರಡನೆಯ ಮುಖ ನಟನೆಯದಲ್ಲ. ಅದು ಇರುವುದು ಕುತ್ತಿಗೆಯಲ್ಲಿ. ಗುಂಡು ಹೊರಡಬೇಕಾದರೆ ಕೇಸಿನ ಕುತ್ತಿಗೆ ಎಳ್ಳಷ್ಟಾದರೂ ಹಿಗ್ಗಿ ಅದನ್ನು ಬಿಡಬೇಕು. ಹಿಗ್ಗಲು ಜಾಗವೇ ಇಲ್ಲದಿದ್ದರೆ ಮದ್ದು ಉರಿಯುತ್ತಲೇ ಇರುತ್ತದೆ, ಗುಂಡು ಹಿಡಿದುಕೊಂಡೇ ಇರುತ್ತದೆ, ಒತ್ತಡ ನೆಗೆಯುತ್ತದೆ.

ಇದಕ್ಕೆ ಇತಿಹಾಸದಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಆಗ ಅಮೆರಿಕದ .30-06 ಗುಂಡುಗಳಿಗೆ ತಾಮ್ರ-ನಿಕಲ್ ಕವಚ ಇರುತ್ತಿತ್ತು. ಅದು ನಳಿಗೆಯೊಳಗೆ ಗಂಟುಗಂಟಾಗಿ ಮೆತ್ತಿಕೊಳ್ಳುತ್ತಿತ್ತು. ಅದನ್ನು ತಪ್ಪಿಸಲು 1921ರಲ್ಲಿ ಓಹಿಯೋದ ಕ್ಯಾಂಪ್ ಪೆರಿಯ ರಾಷ್ಟ್ರೀಯ ಸ್ಪರ್ಧೆಗೆ ಸೇನೆಯ ಮದ್ದುಗುಂಡು ಕಾರ್ಖಾನೆ ಫ್ರ್ಯಾಂಕ್‌ಫರ್ಡ್ ಆರ್ಸೆನಲ್ ತವರದ ಕಲಾಯಿ ಇದ್ದ ಗುಂಡುಗಳ ತೋಟೆ ಮಾಡಿಕೊಟ್ಟಿತು. ಕಲಾಯಿ ತನ್ನ ಕೆಲಸ ಮಾಡಿತು, ಜೊತೆಗೆ ಬೇಡದ ಇನ್ನೊಂದು ಕೆಲಸವನ್ನೂ ಮಾಡಿತು: ತವರ ಹಿತ್ತಾಳೆಗೆ ಬೆಸೆದುಕೊಂಡು ಗುಂಡು ಕುತ್ತಿಗೆಯಲ್ಲೇ ಬಿಗಿದು ಕೂತಿತು. ಚೇಂಬರ್ ಒಣಗಿದ್ದರೆ ಕುತ್ತಿಗೆ ಹಿಗ್ಗಿ ಹೇಗೋ ಬಿಡುತ್ತಿತ್ತು. ಆದರೆ ಗುರಿಕಾರರಿಗೆ ಹಳೆಯದೊಂದು ಚಾಳಿ ಇತ್ತು, ನಳಿಗೆ ಮೆತ್ತಬಾರದೆಂದು ಗುಂಡಿನ ತುದಿಯನ್ನು ಗ್ರೀಸಿನಲ್ಲಿ ಅದ್ದುವುದು. ಆ ಗ್ರೀಸ್ ಕುತ್ತಿಗೆಗೂ ಚೇಂಬರಿನ ಗೋಡೆಗೂ ನಡುವಿನ ಕೂದಲೆಳೆಯ ಸಂದನ್ನು ತುಂಬಿತು. ದ್ರವ ಕುಗ್ಗುವುದಿಲ್ಲ, ಹಾಗಾಗಿ ಕುತ್ತಿಗೆ ಹಿಗ್ಗಲಿಲ್ಲ, ಗುಂಡು ಬಿಡಲಿಲ್ಲ. ರೈಫಲ್‌ಗಳು ಒಡೆದವು. ಮದ್ದಿನ ಅಳತೆಯಲ್ಲಿ ಯಾರೂ ತಪ್ಪು ಮಾಡಿರಲಿಲ್ಲ. ಮರುವರ್ಷದ ಸ್ಪರ್ಧೆಯ ತೋಟೆಗೆ ತಾಮ್ರ-ಸತುವಿನ ಗಿಲ್ಡಿಂಗ್ ಮೆಟಲ್ ಕವಚ ಬಂತು, ಕಲಾಯಿಯ ಕಥೆ ಮುಗಿಯಿತು.

ಈಗಿನವರು ಇದೇ ಹಳ್ಳಕ್ಕೆ ಬೇರೆ ದಾರಿಯಿಂದ ಬೀಳುತ್ತಾರೆ. ಮೇಜಿನ ಮೇಲೆ ರೈಫಲ್ ಊರಿ ಹಾರಿಸುವ ಬೆಂಚ್‌ರೆಸ್ಟ್ ಸ್ಪರ್ಧೆಯವರು ಬೇಕೆಂದೇ ಕುತ್ತಿಗೆ ಬಿಗಿಯಾದ ಚೇಂಬರ್ ಕೊರೆಸುತ್ತಾರೆ. 1975ರಲ್ಲಿ ಪಾಲ್ಮಿಸಾನೊ ಮತ್ತು ಪಿಂಡೆಲ್ ರೂಪಿಸಿದ 6 ಪಿಪಿಸಿ ತೋಟೆಗೆ .262 ಇಂಚಿನ ಕುತ್ತಿಗೆ ಬಹಳ ರೂಢಿ. ಅಲ್ಲಿ ಪ್ರತಿ ಕೇಸಿನ ಕುತ್ತಿಗೆಯನ್ನೂ ಹೊರಗಿನಿಂದ ಕೆತ್ತಿ ತೆಳುವಾಗಿಸಲೇಬೇಕು. ಅಂಥ ರೈಫಲ್ ಕೈ ಬದಲಾದಾಗ, ನಳಿಗೆಯ ಮೇಲೆ ಕೊರೆದ ಆ ಪುಟ್ಟ ಸಂಖ್ಯೆಯನ್ನು ಹೊಸಬ ಓದದಿದ್ದರೆ ಕಷ್ಟ. ಸಾಮಾನ್ಯ ರೈಫಲ್ಲಿನಲ್ಲೂ ದಪ್ಪ ಹಿತ್ತಾಳೆಯಿಂದ ಈ ತೊಂದರೆ ಬರಬಹುದು. ಪತ್ತೆ ಮಾಡಲು ಖರ್ಚಿಲ್ಲ. ಆಗತಾನೇ ಹಾರಿದ, ಡೈಗೆ ಒತ್ತದ ಕೇಸಿನ ಬಾಯಿಗೆ ಹೊಸ ಗುಂಡೊಂದನ್ನು ಬೆರಳಲ್ಲಿ ಬಿಡಿ. ಅದು ತಡೆಯಿಲ್ಲದೆ ಒಳಗೆ ಜಾರಬೇಕು. ಜಾರದಿದ್ದರೆ, ಬಾಯಂಚು ಬಡಿದು ತಗ್ಗಾಗಿಲ್ಲ ಎಂದು ಖಚಿತ ಮಾಡಿಕೊಂಡು, ಅಲ್ಲಿಗೇ ಕೆಲಸ ನಿಲ್ಲಿಸಿ. ತುಂಬಿದ ತೋಟೆಯ ಕುತ್ತಿಗೆ ಚೇಂಬರಿನ ಕುತ್ತಿಗೆಗಿಂತ ಎರಡು ಮೂರು ಥೌ ಕಡಿಮೆ ಇದ್ದರೆ ನಿಶ್ಚಿಂತೆ.

ಕೇಸಿನ ಉದ್ದವೂ ಇದೇ ಆಟ ಆಡುತ್ತದೆ. .308 ಕೇಸಿನ ಗರಿಷ್ಠ ಉದ್ದ 2.015 ಇಂಚು. ಸಲಸಲಕ್ಕೂ ಹಿಗ್ಗಿ ಅದನ್ನು ಮೀರಿ ಬೆಳೆಯುತ್ತ ಹೋದರೆ ಬಾಯಂಚು ಚೇಂಬರಿನ ತುದಿಗೆ ತಾಗಿ, ಒಳಕ್ಕೆ ಮಡಚಿ ಗುಂಡನ್ನು ಕಚ್ಚುತ್ತದೆ. ಅದಕ್ಕೇ 2.005ಕ್ಕೆ ಕತ್ತರಿಸುವುದು. ಗಂಟಲಿನಲ್ಲಿ, ಅಂದರೆ ರೈಫ್ಲಿಂಗ್ ಎಂಬ ನಳಿಗೆಯೊಳಗಿನ ಸುರುಳಿ ಗೀರುಗಳು ಶುರುವಾಗುವ ಮುನ್ನ, ಸುಟ್ಟ ಇಂಗಾಲ ಉಂಗುರದಂತೆ ಗಟ್ಟಿಯಾಗಿ ಕೂತಿದ್ದರೂ ಫಲ ಅದೇ. ನೂರಾರು ಈಡಿನವರೆಗೆ ಚೆನ್ನಾಗಿದ್ದ ಅಳತೆ ಒಂದು ದಿನ ಇದ್ದಕ್ಕಿದ್ದಂತೆ ಬೋಲ್ಟ್ ಹಿಡಿಯತೊಡಗಿದರೆ ನಾನು ಮೊದಲು ಬ್ರಷ್ ಕೈಗೆತ್ತಿಕೊಳ್ಳುತ್ತೇನೆ. ಗುಂಡನ್ನು ರೈಫ್ಲಿಂಗಿಗೆ ತಾಗಿಸಿ ಕೂರಿಸಿದರೂ ಒತ್ತಡ ಏರುತ್ತದೆ. ಇನ್ನು ಬಿಸಿಲು. ಇಲ್ಲಿ ಬೇಸಿಗೆಯಲ್ಲಿ 43 ಡಿಗ್ರಿ ದಾಟುವುದು ಸಾಮಾನ್ಯ. ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಕಾದ ತೋಟೆ, ಜನವರಿಯಲ್ಲಿ ಪರೀಕ್ಷಿಸಿದ ತೋಟೆಯಂತೆ ನಡೆದುಕೊಳ್ಳುವುದಿಲ್ಲ.

ಮತ್ತೆ ಮೇಜಿನ ಮೇಲಿನ ಐದು ಕೇಸ್‌ಗಳಿಗೆ ಬರುತ್ತೇನೆ. ನಾಲ್ಕು ಮತ್ತು ಐದನೆಯದರ ಬುಡದಲ್ಲಿ ಸೇನೆಯ ಮುದ್ರೆ ಇತ್ತು. ಅದೇ ಹಳೇ ಚೀಲದವು, ನನ್ನದೇ ಅಜಾಗರೂಕತೆಯಿಂದ ಬೇರೆ ಕಂಪನಿಯ ಕೇಸ್‌ಗಳ ಡಬ್ಬಿಗೆ ಸೇರಿಹೋಗಿದ್ದವು. ಮುದ್ರೆ ನೋಡಿದ ಕೂಡಲೇ ‘ಓ, ಅದೇ ಬುಡದ ಬಿಗಿ, ಒತ್ತಡ ಏನಿಲ್ಲ’ ಎಂದುಕೊಂಡೆ. ಹಿಂದಿನ ವರ್ಷ ಕಲಿತ ಪಾಠವೇ ದಾರಿ ತಪ್ಪಿಸಿತ್ತು. ಹದಿನೈದು ತೋಟೆ ಇನ್ನೂ ಬಾಕಿ ಇದ್ದವು. ಕೈ ಡಬ್ಬಿಯ ಕಡೆಗೂ ಹೋಗಿತ್ತು.

ತಡೆದದ್ದು ಒಂದು ನೆನಪು: ಈ ಸಲ ಬೋಲ್ಟ್ ಮುಚ್ಚುವಾಗ ಐದೂ ಬೆಣ್ಣೆಯಂತೆ ಮುಚ್ಚಿದ್ದವು. ಎತ್ತುವಾಗಿನ ಹಟವೂ ಕೊನೆಯ ಟಕ್ ಅಲ್ಲ, ಮೊದಲಿನಿಂದಲೇ ಭಾರ. ಕ್ರೊನೊಗ್ರಾಫಿನ ಚೀಟಿ ತೆಗೆದು ನೋಡಿದೆ. ಮೊದಲ ಮೂರು ಒಂದರ ಪಕ್ಕ ಒಂದು, ಪಟ್ಟಿಯ ಗರಿಷ್ಠಕ್ಕೆ ಸ್ವಲ್ಪ ಕೆಳಗೆ. ಕೊನೆಯ ಎರಡು ಪಟ್ಟಿಯನ್ನು ದಾಟಿದ್ದವು. ಎರಡು ಬಗೆಯ ಖಾಲಿ ಕೇಸ್‌ಗಳನ್ನು ತಕ್ಕಡಿಗೆ ಹಾಕಿದೆ. ಸೇನೆಯದು ಸುಮಾರು 20 ಗ್ರೇನ್ ಹೆಚ್ಚು ತೂಗಿತು. ಹೊರಗಿನ ಅಳತೆ ಎರಡಕ್ಕೂ ಒಂದೇ ಆದ್ದರಿಂದ ಆ ಹೆಚ್ಚಿನ ಹಿತ್ತಾಳೆ ಇರುವುದು ಒಳಗೆ. ಗೋಡೆ ದಪ್ಪ, ಹೊಟ್ಟೆ ಚಿಕ್ಕದು. ಅಷ್ಟೇ ಮದ್ದು ಕಡಿಮೆ ಜಾಗದಲ್ಲಿ ಉರಿದರೆ ಒತ್ತಡ ಏರದೆ ಇನ್ನೇನಾದೀತು? ಕೇಸ್ ಬದಲಾದರೆ ಮದ್ದನ್ನು ಗರಿಷ್ಠಕ್ಕಿಂತ ಹತ್ತು ಪರ್ಸೆಂಟ್ ಇಳಿಸಿ ಮತ್ತೆ ಮೊದಲಿನಿಂದ ಹತ್ತಬೇಕೆಂದು ಪ್ರತಿ ಕೈಪಿಡಿಯಲ್ಲೂ ಇದೆ. ಓದಿಯೂ ಇದ್ದೆ.

ಐದನೆಯ ಕೇಸಿಗೆ ಹೊಸ ಪ್ರೈಮರ್ ಕೂರಿಸಿ ನೋಡಿದೆ. ಕೈಯ ಒತ್ತಿಗೇ ಜಾರಿ ಒಳಗೆ ಹೋಯಿತು, ಗೂಡು ಸಡಿಲಾಗಿತ್ತು. ಪ್ರೈಮರ್ ತೆಗೆದು, ಕೇಸಿನ ಬಾಯನ್ನು ಇಕ್ಕಳದಲ್ಲಿ ಅಪ್ಪಚ್ಚಿ ಮಾಡಿ ಗುಜರಿ ಡಬ್ಬಿಗೆ ಎಸೆದೆ. ಬಾಕಿ ಹದಿನೈದನ್ನು ಅದೇ ಸಂಜೆ ಒಂದೊಂದಾಗಿ ಬಿಚ್ಚಿದೆ. ಬುಡದಲ್ಲಿ ಸೇನೆಯ ಮುದ್ರೆ ಇದ್ದವು ಅದರಲ್ಲಿ ಆರು.